ಬೋರ್ಡ್ ಕ್ಲೈಂಟ್‌ದು, ಲೆಕ್ಕ ನಮ್ಮದಿರಲಿ

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ ನನಗೂ ನನ್ನ ಗೆಳತಿಗೂ ಮೊದಲ ದೊಡ್ಡ ಕೆಲಸ ಸಿಕ್ಕಿತು. ಇಂದಿರಾನಗರದ 100 ಅಡಿ ರಸ್ತೆಯ ಹಿಂದಿನ ಕ್ರಾಸ್ ಒಂದರಲ್ಲಿ, ಮನೆಯ ಮೊದಲ ಮಹಡಿಯನ್ನೇ ಆಫೀಸ್ ಮಾಡಿಕೊಂಡಿರುವ ಪುಟ್ಟ ಡಿಸೈನ್ ಸಂಸ್ಥೆ ಅದು. ಅವರ ಗ್ರಾಹಕರೊಬ್ಬರಿಗೆ ಎಂಟು ಪುಟಗಳ ವೆಬ್‌ಸೈಟ್ ಬೇಕಿತ್ತು. ಡಿಸೈನ್ ಅವರದು, ಕೋಡ್ ನಮ್ಮದು. ಮೂರು ವಾರ, 12 ಸಾವಿರ ರೂಪಾಯಿ. ಮಾತುಕತೆ ಮುಗಿಸಿ ಮೆಟ್ರೊ ಹತ್ತಿ ಕೆ.ಆರ್. ಪುರದಲ್ಲಿ ಇಳಿಯುವಷ್ಟರಲ್ಲಿ ಮೇಲ್ ಬಂದಿತ್ತು. ನಮ್ಮನ್ನು ಅವರ ಪ್ರಾಜೆಕ್ಟ್ ಬೋರ್ಡ್‌ಗೆ ಸೇರಿಸಿದ್ದರು.

ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಿದರೆ ಆರು ಕಾಲಂ, ಎಪ್ಪತ್ತಕ್ಕೂ ಹೆಚ್ಚು ಕಾರ್ಡ್, ಬಣ್ಣಬಣ್ಣದ ಲೇಬಲ್. ಯಾವುದು ನಮ್ಮದು, ಯಾವುದು ಮುಗಿದದ್ದು, ಯಾರಿಗೆ ಉತ್ತರ ಕೊಡಬೇಕು, ಒಂದೂ ತಿಳಿಯಲಿಲ್ಲ. ಯೂಟ್ಯೂಬ್ ನೋಡುತ್ತ, ಒಬ್ಬರನ್ನೊಬ್ಬರು ಕೇಳುತ್ತ ಒಂದೂವರೆ ದಿನ ಕಳೆದೆವು. ಆ ಒಂದೂವರೆ ದಿನದಲ್ಲಿ ಒಂದು ಸಾಲು ಕೋಡ್ ಕೂಡ ಬರೆಯಲಿಲ್ಲ.

ಇದು ನಮ್ಮಿಬ್ಬರ ಕಥೆ ಮಾತ್ರ ಅಲ್ಲ. ಓದುತ್ತಲೇ ಫ್ರೀಲಾನ್ಸ್ ಮಾಡುವ ನನ್ನ ಸಹಪಾಠಿಗಳನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಬೋರ್ಡ್. ಒಬ್ಬ ಕ್ಲೈಂಟ್ ಜಿರಾ ಅನ್ನುತ್ತಾನೆ, ಇನ್ನೊಬ್ಬರಿಗೆ ಟ್ರೆಲ್ಲೊ ಬೇಕು, ಮತ್ತೊಬ್ಬರು ಆಸಾನಾ, ನೋಷನ್ ಅಥವಾ ಜೋಹೊ ಪ್ರಾಜೆಕ್ಟ್ಸ್ ಬಳಸುತ್ತಾರೆ. ‘ಟೂಲ್ ಕಲಿತರೆ ಕೆಲಸ ಸಿಗುತ್ತೆ’ ಎಂದು ಎಲ್ಲರೂ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಆ ಕಲಿಕೆಯ ಖರ್ಚು ಯಾರ ಜೇಬಿನಿಂದ ಹೋಗುತ್ತದೆ, ಕಲಿತು ಮಾಡಿದ ಕೆಲಸದ ದಾಖಲೆ ಕೊನೆಗೆ ಯಾರ ಬಳಿ ಉಳಿಯುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಎರಡನೆಯ ಪ್ರಶ್ನೆಯ ಉತ್ತರ ನಮಗೆ ಸ್ವಲ್ಪ ದುಬಾರಿಯಾಗಿಯೇ ಸಿಕ್ಕಿತು.

ಅಪ್ಪನ ಚೀಟಿ, ಟೊಯೊಟಾದ ಕಾರ್ಡ್

ನನ್ನ ಅಪ್ಪ ಶಿವಾಜಿನಗರದಲ್ಲಿ, ಕಮರ್ಷಿಯಲ್ ಸ್ಟ್ರೀಟ್‌ಗೆ ಹತ್ತಿರದ ಗಲ್ಲಿಯೊಂದರ ಟೈಲರ್ ಅಂಗಡಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ. ಪೀಸ್ ರೇಟ್ ಲೆಕ್ಕ. ಎಷ್ಟು ಪೀಸ್ ಹೊಲಿದರೋ ಅಷ್ಟು ದುಡ್ಡು. ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಸ್ಕ್ರೀನ್ ನೋಡಿ, ‘ಏನಮ್ಮಾ ಅದು, ಇಷ್ಟೊಂದು ಚೀಟಿ?’ ಅಂದರು. ನನಗೆ ತಿಳಿದಷ್ಟು ವಿವರಿಸಿದೆ. ಸ್ವಲ್ಪ ಹೊತ್ತು ನೋಡಿ, ‘ನಮ್ಮ ಅಂಗಡೀಲೂ ಇದೇ ತಾನೆ’ ಅಂದರು.

ನಿಜವಾಗಿಯೂ ಅದೇ. ಅಂಗಡಿಗೆ ಬಟ್ಟೆ ಬಂದ ಕೂಡಲೇ ಅದಕ್ಕೊಂದು ನಂಬರಿನ ಚೀಟಿ ಬೀಳುತ್ತದೆ. ಚೀಟಿಯಲ್ಲಿ ಅಳತೆ, ಡೆಲಿವರಿ ದಿನ, ಕಾಲರ್ ಹೇಗಿರಬೇಕೆಂಬ ಸೂಚನೆ ಇರುತ್ತವೆ. ಕಟಿಂಗ್ ಮಾಸ್ಟರ್ ಮೇಜಿನಿಂದ ಹೊಲಿಗೆಗೆ, ಅಲ್ಲಿಂದ ಕಾಜಾ-ಗುಂಡಿಗೆ, ಕೊನೆಗೆ ಇಸ್ತ್ರಿಗೆ ಬಟ್ಟೆಯ ಜೊತೆ ಚೀಟಿಯೂ ಸಾಗುತ್ತದೆ. ಕಾಜಾ ಹಾಕುವವರ ಹತ್ತಿರ ಬಟ್ಟೆ ರಾಶಿ ಬಿದ್ದಿದ್ದರೆ ಕೆಲಸ ಎಲ್ಲಿ ನಿಂತಿದೆ ಎಂದು ಮಾಲೀಕರಿಗೆ ಕೂತಲ್ಲಿಂದಲೇ ಗೊತ್ತಾಗುತ್ತದೆ.

ಜಪಾನಿನ ಟೊಯೊಟಾ ಕಂಪನಿಯಲ್ಲಿ ತೈಚಿ ಓನೊ ಎಂಬ ಎಂಜಿನಿಯರ್ 1950ರ ದಶಕದಲ್ಲಿ ಬೆಳೆಸಿದ ಕಾನ್‌ಬಾನ್ ಪದ್ಧತಿಯಲ್ಲೂ ಇಂಥದ್ದೇ ಚೀಟಿ ಇದೆ. ಜಪಾನಿ ಭಾಷೆಯಲ್ಲಿ ಕಾನ್‌ಬಾನ್ ಎಂದರೆ ಫಲಕ. ಮುಂದಿನ ಹಂತದವರು ಕಾರ್ಡ್ ಕಳಿಸಿದಾಗಲೇ ಹಿಂದಿನ ಹಂತದವರು ಬಿಡಿಭಾಗ ಕೊಡಬೇಕು. ಬೇಡದ ಸರಕು ರಾಶಿ ಬೀಳಬಾರದು. ನಮ್ಮ ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಇರುವುದರಿಂದ ಮೆಕ್ಯಾನಿಕಲ್ ವಿಭಾಗದ ಗೆಳೆಯರಿಗೆ ಈ ಹೆಸರು ಹೊಸದಲ್ಲ. ಕಂಪ್ಯೂಟರ್ ಸೈನ್ಸ್‌ನವರಿಗೆ ಅದು ಸಾಫ್ಟ್‌ವೇರ್ ರೂಪದಲ್ಲಿ ಎದುರಾಗುತ್ತದೆ, ಅಷ್ಟೇ ವ್ಯತ್ಯಾಸ.

ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿ 2002ರಲ್ಲಿ ಜಿರಾ ತಂದಿತು. ಮೊದಲು ಅದು ಸಾಫ್ಟ್‌ವೇರ್ ದೋಷಗಳ ಪಟ್ಟಿ ಇಡುವ ಸಾಧನವಾಗಿತ್ತು. ಹೆಸರು ಬಂದದ್ದು ಗಾಡ್ಜಿಲ್ಲಾದ ಜಪಾನಿ ಹೆಸರು ‘ಗೊಜಿರಾ’ದಿಂದ. ಕಾಲಂಗಳಲ್ಲಿ ಕಾರ್ಡ್ ಎಳೆದು ಬಿಡುವ ಟ್ರೆಲ್ಲೊ 2011ರಲ್ಲಿ ಬಂತು. 2017ರಲ್ಲಿ ಅದನ್ನೂ ಅಟ್ಲಾಸಿಯನ್ ಕೊಂಡುಕೊಂಡಿತು. ಆಸಾನಾವನ್ನು ಕಟ್ಟಿದವರು ಫೇಸ್‌ಬುಕ್ ಬಿಟ್ಟು ಬಂದ ಇಬ್ಬರು. ಹೆಸರು ಬೇರೆ, ಬಣ್ಣ ಬೇರೆ, ಗುಂಡಿಗಳ ಜಾಗ ಬೇರೆ. ಒಳಗಿರುವುದು ಮಾತ್ರ ಅಪ್ಪನ ಅಂಗಡಿಯ ಚೀಟಿಯೇ.

ಯಾವ ಬೋರ್ಡ್ ಆದರೂ ಐದು ಪ್ರಶ್ನೆ

ಇದು ಅರ್ಥವಾದ ಮೇಲೆ ಎರಡನೇ ಕ್ಲೈಂಟ್‌ನ ಬೋರ್ಡ್ ಕಲಿಯಲು ನಮಗೆ ಒಂದೂವರೆ ದಿನ ಬೇಕಾಗಲಿಲ್ಲ, ಒಂದೂವರೆ ಗಂಟೆ ಸಾಕಾಯಿತು. ಹೊಸ ಟೂಲ್ ತೆರೆದಾಗ ನಾವು ಗುಂಡಿಗಳನ್ನು ಹುಡುಕುವುದನ್ನು ಬಿಟ್ಟು ಐದು ಪ್ರಶ್ನೆಗೆ ಉತ್ತರ ಹುಡುಕುತ್ತೇವೆ.

ಮೊದಲನೆಯದು, ನನ್ನ ಹೆಸರಿಗೆ ಬಿದ್ದಿರುವ ಕೆಲಸ ಎಲ್ಲಿ ಕಾಣುತ್ತದೆ? ಪ್ರತಿಯೊಂದು ಟೂಲ್‌ನಲ್ಲೂ ನಮ್ಮ ಕೆಲಸವನ್ನಷ್ಟೇ ಸೋಸಿ ತೋರಿಸುವ ವ್ಯವಸ್ಥೆ ಇರುತ್ತದೆ. ಅದು ಸಿಕ್ಕರೆ ಎಪ್ಪತ್ತು ಕಾರ್ಡ್ ಎಂಟಕ್ಕೆ ಇಳಿಯುತ್ತದೆ. ಎರಡನೆಯದು, ಈ ತಂಡದಲ್ಲಿ ‘ಮುಗಿಯಿತು’ ಎಂದರೆ ಏನು? ಕೆಲವರಿಗೆ ಕೋಡ್ ಬರೆದರೆ ಮುಗಿದಂತೆ. ಕೆಲವರಿಗೆ ಪರೀಕ್ಷೆ ಮಾಡಿ, ಗ್ರಾಹಕರು ಒಪ್ಪಿದ ಮೇಲೆ. ಹಣ ಬರುವುದು ಈ ಒಂದು ಪದದ ಮೇಲೆ ನಿಂತಿರುತ್ತದೆ. ಮೂರನೆಯದು, ಕಾರ್ಡನ್ನು ಕೊನೆಯ ಕಾಲಂಗೆ ಎಳೆಯುವ ಅಧಿಕಾರ ಯಾರದು? ನಾವೇ ಎಳೆದುಬಿಟ್ಟರೆ ಕೆಲವು ಕಡೆ ಅದು ತಪ್ಪು. ನಾಲ್ಕನೆಯದು, ಕೆಲಸ ನಿಂತಾಗ ಯಾರಿಗೆ, ಹೇಗೆ ತಿಳಿಸಬೇಕು? ಐದನೆಯದು, ಹೊಸ ಕೆಲಸ ಸೇರಿದಾಗ ಅದು ಹೊಸ ಕಾರ್ಡ್ ಆಗಿ ಬರುತ್ತದೆಯೋ, ಹಳೆಯ ಕಾರ್ಡ್‌ನ ಕಾಮೆಂಟ್‌ನಲ್ಲಿ ನುಸುಳುತ್ತದೆಯೋ?

ಈ ಐದನೇ ಪ್ರಶ್ನೆಯನ್ನು ನಾವು ಮೊದಲ ಕೆಲಸದಲ್ಲಿ ಕೇಳಿರಲಿಲ್ಲ.

ಅಭ್ಯಾಸಕ್ಕೆ ದುಡ್ಡು ಖರ್ಚು ಮಾಡಬೇಕಾಗಿಲ್ಲ. ಜಿರಾವನ್ನು ಹತ್ತು ಮಂದಿಯವರೆಗಿನ ತಂಡ ಉಚಿತವಾಗಿ ಬಳಸಬಹುದು. ಟ್ರೆಲ್ಲೊಗೂ ಉಚಿತ ಆವೃತ್ತಿ ಇದೆ. ಮಿನಿ ಪ್ರಾಜೆಕ್ಟನ್ನೇ ಒಂದು ಬೋರ್ಡ್‌ಗೆ ಹಾಕಿ ನಾಲ್ಕು ಜನ ಒಂದು ತಿಂಗಳು ಬಳಸಿದರೆ ಸಾಕು. ಸಾವಿರಾರು ರೂಪಾಯಿ ಕೊಟ್ಟು ಪ್ರಮಾಣಪತ್ರದ ಕೋರ್ಸ್ ಸೇರುವ ಮೊದಲು ಇದನ್ನು ಮಾಡಿ ನೋಡಿ.

ಕಲಿಕೆಯ ಖರ್ಚು ಯಾರದು?

ಕಂಪನಿಗೆ ಸೇರಿದ ಹೊಸಬರಿಗೆ ಮೊದಲ ವಾರ ಟೂಲ್ ಹೇಳಿಕೊಡುತ್ತಾರೆ, ಆ ವಾರದ ಸಂಬಳವೂ ಬರುತ್ತದೆ. ಫ್ರೀಲಾನ್ಸರ್‌ಗೆ ಅದೇ ಟೂಲ್ ಕಲಿಯುವ ಹೊತ್ತು ಸ್ವಂತದ್ದು, ಇಂಟರ್ನೆಟ್ ಖರ್ಚೂ ಸ್ವಂತದ್ದು.

ನಮ್ಮ ಲೆಕ್ಕವನ್ನೇ ಹೇಳುತ್ತೇನೆ. ಇಬ್ಬರೂ ಸೇರಿ 40 ಗಂಟೆಯಲ್ಲಿ ಮುಗಿಸಬಹುದೆಂದು ಅಂದಾಜು ಮಾಡಿ 12 ಸಾವಿರಕ್ಕೆ ಒಪ್ಪಿದ್ದೆವು. ಗಂಟೆಗೆ 300 ರೂಪಾಯಿ. ಆದರೆ ಬೋರ್ಡ್ ಕಲಿಯಲು ಹಿಡಿದದ್ದು ಒಟ್ಟು 8 ಗಂಟೆ. ಕಾರ್ಡ್ ಬದಲಿಸುವುದು, ಕಾಮೆಂಟ್‌ಗೆ ಉತ್ತರಿಸುವುದು, ವಾರದ ವಿಡಿಯೊ ಕಾಲ್, ಇವಕ್ಕೆ ಇನ್ನೂ 6 ಗಂಟೆ. ಒಟ್ಟು 54 ಗಂಟೆ. ಅಂದರೆ ಗಂಟೆಗೆ ಸಿಕ್ಕಿದ್ದು ಸುಮಾರು 222 ರೂಪಾಯಿ. ನಾಲ್ಕನೇ ಒಂದು ಭಾಗ ಎಲ್ಲಿ ಹೋಯಿತೆಂದೇ ನಮಗೆ ಗೊತ್ತಿರಲಿಲ್ಲ, ಏಕೆಂದರೆ ಬೋರ್ಡ್ ನೋಡಿಕೊಳ್ಳುವುದೂ ಒಂದು ಕೆಲಸ ಎಂದು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಇದಕ್ಕೆ ಕ್ಲೈಂಟನ್ನು ಬೈದು ಪ್ರಯೋಜನವಿಲ್ಲ. ಅವರ ಕಡೆಯಿಂದಲೂ ನೋಡಬೇಕು. ಐದಾರು ಜನರ ಸಣ್ಣ ಸಂಸ್ಥೆಗೆ ಹತ್ತು ಕಡೆಯಿಂದ ಫ್ರೀಲಾನ್ಸರ್‌ಗಳು ಕೆಲಸ ಮಾಡಿಕೊಡುತ್ತಿರುತ್ತಾರೆ. ಅವರಲ್ಲಿ ಪರೀಕ್ಷೆ ಬಂತೆಂದು ಫೋನ್ ಎತ್ತದೆ ಮಾಯವಾಗುವ ನಮ್ಮಂಥ ವಿದ್ಯಾರ್ಥಿಗಳೂ ಇದ್ದಾರೆ. ಎಲ್ಲರ ವಾಟ್ಸ್‌ಆ್ಯಪ್ ಮೆಸೇಜ್ ಹುಡುಕುತ್ತ ಕೂರುವುದಕ್ಕಿಂತ ಒಂದೇ ಬೋರ್ಡ್ ಇರುವುದು ಅವರಿಗೆ ಅನಿವಾರ್ಯ. ನಮಗೂ ಅದರಿಂದ ಲಾಭವಿದೆ. ಏನು ಮಾಡಬೇಕೆಂಬುದು ಬರಹದಲ್ಲಿ ಇರುತ್ತದೆ. ಹಾಗಾಗಿ ಬೋರ್ಡ್ ಬೇಡ ಎನ್ನುವುದು ದಾರಿಯಲ್ಲ. ದರ ಹೇಳುವಾಗಲೇ ಅದರ ಹೊತ್ತನ್ನೂ ಸೇರಿಸಿ ಹೇಳುವುದು ದಾರಿ. ಈಗ ನಾವು ಕೊಡುವ ಕೊಟೇಶನ್‌ನಲ್ಲಿ ‘ಟೂಲ್ ಪರಿಚಯ ಮತ್ತು ವಾರದ ವರದಿ’ ಎಂದು ಒಂದು ಸಾಲು ಬೇರೆಯಾಗಿಯೇ ಇರುತ್ತದೆ. ಒಬ್ಬರು ಅದನ್ನು ತೆಗೆಸಿದರು, ಇನ್ನೊಬ್ಬರು ಮಾತಿಲ್ಲದೆ ಒಪ್ಪಿದರು. ತೆಗೆಸಿದವರಿಗೂ ಅದು ಕೆಲಸ ಎಂಬುದು ತಿಳಿಯಿತಲ್ಲ, ಅಷ್ಟಾದರೂ ಆಯಿತು.

ಬೋರ್ಡ್‌ನಿಂದ ಹೊರಗೆ

ಈಗ ಆ ದುಬಾರಿ ಪಾಠದ ವಿಷಯ. ಎರಡನೇ ವಾರ ಒಂದು ಕಾರ್ಡ್‌ನ ಕೆಳಗೆ ಕಾಮೆಂಟ್ ಬಂತು: ಇನ್ನೆರಡು ಪುಟ ಸೇರಿಸಿ, ವಿಚಾರಣೆಯ ಫಾರ್ಮ್ ಕೂಡ ಮಾಡಿ, ಬಿಲ್‌ನಲ್ಲಿ ನೋಡೋಣ. ನಾವು ಖುಷಿಯಿಂದಲೇ ಮಾಡಿದೆವು. ಕೆಲಸ ಒಪ್ಪಿಸಿ, ಹೆಚ್ಚುವರಿಗೆ 3,500 ಸೇರಿಸಿ ಬಿಲ್ ಕಳಿಸಿದೆವು. ಹತ್ತು ದಿನದ ನಂತರ ಉತ್ತರ ಬಂತು: ಹತ್ತು ಪುಟ ಮೊದಲಿನಿಂದಲೂ ಮಾತಾಗಿದ್ದಲ್ಲವೇ? ನಮ್ಮ ಜೊತೆ ಮಾತಾಡಿದ್ದ ಮ್ಯಾನೇಜರ್ ಅಷ್ಟರಲ್ಲಿ ಆ ಸಂಸ್ಥೆ ಬಿಟ್ಟಿದ್ದರು.

ಕಾಮೆಂಟ್ ತೋರಿಸೋಣವೆಂದು ಬೋರ್ಡ್‌ನ ಲಿಂಕ್ ಒತ್ತಿದೆ. ಪುಟ ತೆರೆಯಲಿಲ್ಲ, ನೋಡಲು ಅನುಮತಿ ಇಲ್ಲ ಎಂದಿತು. ಕೆಲಸ ಮುಗಿದ ದಿನವೇ ನಮ್ಮನ್ನು ತೆಗೆದುಹಾಕಿದ್ದರು. ಅದರಲ್ಲಿ ಮೋಸವಿರಲಿಲ್ಲ. ಹೊರಗಿನವರ ಪ್ರವೇಶವನ್ನು ಕೆಲಸ ಮುಗಿದ ಕೂಡಲೇ ನಿಲ್ಲಿಸುವುದು ಒಳ್ಳೆಯ ಭದ್ರತಾ ಪದ್ಧತಿಯೇ. ಆದರೆ ಮೂರು ವಾರ ನಾವು ಏನು ಮಾಡಿದೆವು, ಯಾರು ಏನು ಹೇಳಿದರು ಎಂಬ ಪೂರ್ತಿ ದಾಖಲೆ ಆ ಬಾಗಿಲಿನ ಒಳಗೇ ಉಳಿದಿತ್ತು.

ಉಳಿಸಿದ್ದು ಗೆಳತಿಯ ಸೋಮಾರಿತನ. ಬೋರ್ಡ್‌ನಲ್ಲಿ ಯಾರೇ ಏನೇ ಬರೆದರೂ ನಮಗೆ ಮೇಲ್ ಬರುತ್ತಿತ್ತು. ಕಿರಿಕಿರಿಯಾಗಿ ನಾನು ಎರಡನೇ ದಿನವೇ ಅದನ್ನು ಆಫ್ ಮಾಡಿದ್ದೆ. ಅವಳು ಮಾಡಿರಲಿಲ್ಲ. ಅವಳ ಇನ್‌ಬಾಕ್ಸ್‌ನಲ್ಲಿ ಓದದೆ ಬಿದ್ದಿದ್ದ ಇನ್ನೂರಕ್ಕೂ ಹೆಚ್ಚು ಮೇಲ್‌ಗಳ ನಡುವೆ ಆ ಕಾಮೆಂಟ್ ದಿನಾಂಕ, ಸಮಯದ ಸಮೇತ ಸಿಕ್ಕಿತು. ಅದನ್ನು ಕಳಿಸಿದ ಮೇಲೆ ಮಾತಿನ ಧಾಟಿ ಬದಲಾಯಿತು. ಹೆಚ್ಚುವರಿ 3,500ರಲ್ಲಿ 2,000 ಕೊಡಲು ಒಪ್ಪಿದರು. ಪೂರ್ತಿ ಹಣ ಕೈಸೇರಿದ್ದು ಬಿಲ್ ಕಳಿಸಿದ 52ನೇ ದಿನ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಅಂಗಿ ಜೇಬಿನಿಂದ ಒಂದು ಸಣ್ಣ ಡೈರಿ ತೆಗೆದರು. ನಾನು ಚಿಕ್ಕಂದಿನಿಂದ ನೋಡಿದ ಡೈರಿ, ಯಾವತ್ತೂ ಏನೆಂದು ಕೇಳಿರಲಿಲ್ಲ. ದಿನಾಂಕ, ಚೀಟಿ ನಂಬರ್, ಎಷ್ಟು ಪೀಸ್ ಎಂಬುದನ್ನು ದಿನವೂ ಮನೆಗೆ ಹೊರಡುವ ಮೊದಲು ಬರೆದುಕೊಳ್ಳುತ್ತಾರೆ. ಶನಿವಾರ ಸಂಜೆ ಮಾಲೀಕರ ಪುಸ್ತಕದ ಜೊತೆ ತಾಳೆ ನೋಡುತ್ತಾರೆ. ‘ಬಟ್ಟೆ ಜೊತೆ ಚೀಟೀನೂ ಹೋಗಿಬಿಡುತ್ತಮ್ಮ. ನನ್ನ ಹತ್ರ ಉಳಿಯೋದು ಇದೊಂದೇ’ ಅಂದರು.

ಈಗ ನಮ್ಮಿಬ್ಬರದೂ ಒಂದು ಡೈರಿ ಇದೆ. ಐದು ಕಾಲಂನ ಒಂದು ಸ್ಪ್ರೆಡ್‌ಶೀಟ್: ದಿನಾಂಕ, ಕೆಲಸ, ಹೇಳಿದವರು, ಹಿಡಿದ ಹೊತ್ತು, ಒಪ್ಪಿಗೆ ಸಿಕ್ಕ ದಿನ. ಕಾಮೆಂಟ್‌ನಲ್ಲಿ ಹೊಸ ಕೆಲಸ ಬಂದರೆ ಅದೇ ದಿನ ನಮ್ಮ ಮೇಲ್‌ನಿಂದ ಎರಡು ಸಾಲು ಬರೆಯುತ್ತೇವೆ: ನೀವು ಹೇಳಿದ ಈ ಕೆಲಸ ಮೊದಲ ಒಪ್ಪಂದದಲ್ಲಿ ಇಲ್ಲ, ಇಷ್ಟು ಹೆಚ್ಚುವರಿ ಆಗುತ್ತದೆ, ಒಪ್ಪಿಗೆಯೇ? ಇಲ್ಲಿ ಒಂದು ಎಚ್ಚರಿಕೆ. ಕ್ಲೈಂಟ್‌ನ ಬೋರ್ಡನ್ನು ಇಡಿಯಾಗಿ ಸ್ಕ್ರೀನ್‌ಶಾಟ್ ಹೊಡೆದು ಇಟ್ಟುಕೊಳ್ಳುವುದು ಸರಿಯಲ್ಲ. ಅದರಲ್ಲಿ ಅವರ ಗ್ರಾಹಕರ ಮಾಹಿತಿ ಇರುತ್ತದೆ. ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿದ್ದರೆ ನಾವೇ ಸಿಕ್ಕಿಬೀಳುತ್ತೇವೆ. ಅಪ್ಪ ಗಿರಾಕಿಯ ಅಳತೆ ಬರೆದುಕೊಳ್ಳುವುದಿಲ್ಲ, ತಾನು ಹೊಲಿದ ಪೀಸ್ ಮಾತ್ರ ಬರೆದುಕೊಳ್ಳುತ್ತಾರೆ. ನಮ್ಮ ಮಿತಿಯೂ ಅಷ್ಟೇ.

ದಾಖಲೆ ಎರಡೂ ಕಡೆಯವರನ್ನು ಕಾಯಬಲ್ಲದು ಎಂಬುದಕ್ಕೆ ಜಾಗತಿಕ ಫ್ರೀಲಾನ್ಸ್ ತಾಣಗಳೇ ಉದಾಹರಣೆ. ಅಪ್‌ವರ್ಕ್‌ನಲ್ಲಿ ಗಂಟೆ ಲೆಕ್ಕದ ಕೆಲಸಕ್ಕೆ ಟ್ರ್ಯಾಕರ್ ಹಾಕಿದರೆ ಸುಮಾರು ಹತ್ತು ನಿಮಿಷಕ್ಕೊಮ್ಮೆ ನಮ್ಮ ಸ್ಕ್ರೀನಿನ ಚಿತ್ರ ತೆಗೆಯುತ್ತದೆ. ಯಾರೋ ಹೆಗಲ ಹಿಂದೆ ನಿಂತು ನೋಡಿದ ಹಾಗೆ ಅನಿಸುತ್ತದೆ. ಆದರೆ ಆ ತಾಣದ ಪಾವತಿ ರಕ್ಷಣೆ ನಿಂತಿರುವುದೂ ಅದೇ ದಾಖಲೆಯ ಮೇಲೆ. ನೇರ ಕ್ಲೈಂಟ್ ಜೊತೆ ಕೆಲಸ ಮಾಡುವಾಗ ಆ ಕಾವಲೂ ಇಲ್ಲ, ಆ ರಕ್ಷಣೆಯೂ ಇಲ್ಲ. ಡೈರಿ ನಾವೇ ಬರೆಯಬೇಕು.

ಕಾನೂನು ಎಲ್ಲಿಯವರೆಗೆ ಬರುತ್ತದೆ?

ನೀತಿ ಆಯೋಗದ 2022ರ ವರದಿಯ ಅಂದಾಜಿನಂತೆ 2020-21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದರು. 2029-30ರ ಹೊತ್ತಿಗೆ ಅದು 2.35 ಕೋಟಿಗೆ ಏರಲಿದೆ. ಈ ಬೆಳವಣಿಗೆಯನ್ನು ನೋಡಿಯೇ ರಾಜಸ್ಥಾನ 2023ರಲ್ಲಿ, ಕರ್ನಾಟಕ 2025ರಲ್ಲಿ ಕಾಯ್ದೆ ತಂದವು. ನಮ್ಮ ರಾಜ್ಯದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ ಒಳ್ಳೆಯ ಅಂಶಗಳಿವೆ. ಪ್ರತಿ ವಹಿವಾಟಿನ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಇದೆ. ಒಪ್ಪಂದ ಸರಳ ಭಾಷೆಯಲ್ಲಿರಬೇಕು. ಯಂತ್ರವೇ ಮಾಡುವ ಮೇಲ್ವಿಚಾರಣೆ ಮತ್ತು ತೀರ್ಮಾನಗಳ ಬಗ್ಗೆ ಕೆಲಸಗಾರರಿಗೆ ತಿಳಿಸಬೇಕು. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯೂ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿಯೂ ಗಿಗ್ ಕೆಲಸಗಾರರ ಉಲ್ಲೇಖವಿದೆ.

ಆದರೆ ಈ ಕಾಯ್ದೆಗಳ ನಡುಮಧ್ಯೆ ಇರುವುದು ಅಗ್ರಿಗೇಟರ್, ಅಂದರೆ ಆ್ಯಪ್ ನಡೆಸುವ ಕಂಪನಿ. ಹಲಸೂರಿನಲ್ಲಿ ಆಹಾರದ ಪೊಟ್ಟಣ ಹಿಡಿದು ಓಡಾಡುವ ಹುಡುಗನಿಗೆ ಅಂಥ ಕಂಪನಿ ಇದೆ. ಪರಿಚಯದವರ ಮೂಲಕ ಕೆಲಸ ಹಿಡಿದು ನೇರವಾಗಿ ಕ್ಲೈಂಟ್‌ನ ಬೋರ್ಡ್‌ಗೆ ಸೇರುವ ನಮ್ಮಂಥವರಿಗೆ ನಡುವೆ ಯಾರೂ ಇಲ್ಲ. ಹಾಗಾಗಿ ಈ ರಕ್ಷಣೆ ನಮ್ಮವರೆಗೆ ಬರುವುದಿಲ್ಲ.

ಹಾಗಂತ ನಾವು ಪೂರ್ತಿ ಬರಿಗೈಯಲ್ಲೂ ಇಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಸೇವೆ ಕೊಡುವ ಅತಿ ಸಣ್ಣ ಉದ್ಯಮಗಳಿಗೂ ಅನ್ವಯಿಸುತ್ತದೆ, ಒಬ್ಬರೇ ನಡೆಸುವ ಉದ್ಯಮವಾದರೂ ಸರಿ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಉಚಿತವಾಗಿ ನೋಂದಣಿ ಮಾಡಿಕೊಳ್ಳಬಹುದು. ಆ ಕಾಯ್ದೆಯಂತೆ ಖರೀದಿದಾರರು ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಆ ಗಡುವು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಸರ್ಕಾರದ ಪೋರ್ಟಲ್ ಇದೆ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾಯ್ದೆಯಲ್ಲೂ ಬಿಗಿ ಬಂದಿದೆ. ಅತಿ ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ಕೊಡದ ಹಣವನ್ನು ಕಂಪನಿಗಳು ಆ ವರ್ಷದ ಖರ್ಚೆಂದು ತೋರಿಸುವುದು ಕಷ್ಟ. ನೋಂದಣಿಯನ್ನು ಕೆಲಸ ಹಿಡಿಯುವ ಮೊದಲೇ ಮಾಡಿಕೊಂಡಿರುವುದು ಸುರಕ್ಷಿತ. ನಮ್ಮ 52 ದಿನದ ಕಾಯುವಿಕೆಯಲ್ಲಿ ಇದು ನಮಗೆ ಗೊತ್ತೇ ಇರಲಿಲ್ಲ.

ನ್ಯೂಯಾರ್ಕ್ ನಗರದಲ್ಲಿ 2017ರಿಂದ ಫ್ರೀಲಾನ್ಸರ್‌ಗಳಿಗೆಂದೇ ಪ್ರತ್ಯೇಕ ಕಾನೂನಿದೆ. 800 ಡಾಲರ್ ಅಥವಾ ಹೆಚ್ಚಿನ ಕೆಲಸಕ್ಕೆ ಲಿಖಿತ ಒಪ್ಪಂದ ಕಡ್ಡಾಯ. ದಿನ ಗೊತ್ತು ಮಾಡಿಲ್ಲದಿದ್ದರೆ ಕೆಲಸ ಮುಗಿದ 30 ದಿನದೊಳಗೆ ಹಣ ಕೊಡಬೇಕು. 2024ರಲ್ಲಿ ಅದು ಇಡೀ ನ್ಯೂಯಾರ್ಕ್ ರಾಜ್ಯಕ್ಕೆ ವಿಸ್ತರಣೆಯಾಯಿತು. ಸ್ಟಾರ್ಟ್‌ಅಪ್ ರಾಜಧಾನಿ ಎಂದು ಕರೆಸಿಕೊಳ್ಳುವ ನಮ್ಮ ಊರಿಗೂ ಇಂಥದ್ದು ಬೇಕು. ಜೊತೆಗೆ ಇನ್ನೊಂದು ಸಾಲು ಸೇರಲಿ: ಹೊರಗಿನವರನ್ನು ಬೋರ್ಡ್‌ನಿಂದ ತೆಗೆಯುವ ಮೊದಲು ಅವರ ಕೆಲಸದ ಪಟ್ಟಿಯ ಒಂದು ಪ್ರತಿ ಅವರಿಗೆ ಕೊಡಬೇಕು.

ಇಂಗ್ಲಿಷ್ ಕಾಮೆಂಟ್‌ನ ಅಂಜಿಕೆ

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಗೆಳೆಯನೊಬ್ಬನಿದ್ದಾನೆ. ಕೋಡ್ ಬರೆಯುವುದರಲ್ಲಿ ನಮಗಿಂತ ಗಟ್ಟಿ. ಆದರೆ ಬೋರ್ಡ್‌ನಲ್ಲಿ ಕಾಮೆಂಟ್ ಬರೆಯಲು ಅಂಜುತ್ತಿದ್ದ. ಎಲ್ಲರೂ ನೋಡುತ್ತಾರೆ, ವ್ಯಾಕರಣ ತಪ್ಪಾದರೆ ಎಂಬ ಭಯ. ಎರಡು ದಿನ ಅವನ ಕಾರ್ಡ್ ಕದಲಲಿಲ್ಲ. ಅವನು ರಾತ್ರಿ ಒಂದರವರೆಗೆ ಕೂತು ಕೆಲಸ ಮಾಡುತ್ತಿದ್ದ, ಕ್ಲೈಂಟ್ ಮಾತ್ರ ಅವನು ಏನೂ ಮಾಡುತ್ತಿಲ್ಲ ಎಂದುಕೊಂಡರು. ಮುಂದಿನ ಕೆಲಸ ಅವನಿಗೆ ಬರಲಿಲ್ಲ.

ಎದುರಿಗೆ ಕೂತು ಕೆಲಸ ಮಾಡಿದರೆ ನಮ್ಮ ಶ್ರಮ ಕಣ್ಣಿಗೆ ಕಾಣುತ್ತದೆ. ದೂರದಿಂದ ಮಾಡಿದರೆ ಬೋರ್ಡ್‌ನಲ್ಲಿ ಬರೆದಷ್ಟೇ ಕಾಣುತ್ತದೆ. ಅದಕ್ಕೆ ದೊಡ್ಡ ಇಂಗ್ಲಿಷ್ ಬೇಡ. ಸ್ಕ್ರಮ್ ಪದ್ಧತಿಯ ದಿನದ ಸಭೆಯಲ್ಲಿ ಕೇಳುವ ಮೂರು ಪ್ರಶ್ನೆಗಳಿವೆ: ಏನು ಮುಗಿಯಿತು, ಮುಂದೇನು, ಎಲ್ಲಿ ನಿಂತಿದೆ? ‘ಹೋಮ್ ಪೇಜ್ ಡನ್. ಕಾಂಟ್ಯಾಕ್ಟ್ ಫಾರ್ಮ್ ಟುಡೇ. ವೇಯ್ಟಿಂಗ್ ಫಾರ್ ಲೋಗೊ ಫೈಲ್.’ ಇಷ್ಟು ಸಾಕು. ಮೂರನೇ ವಾಕ್ಯ ಬಹಳ ಮುಖ್ಯ. ಲೋಗೊ ಕೊಡದೆ ತಡ ಮಾಡಿದ್ದು ಅವರು ಎಂಬುದು ಆ ದಿನವೇ ದಾಖಲಾಗುತ್ತದೆ. ಕೊನೆಗೆ ‘ಡೆಡ್‌ಲೈನ್ ತಪ್ಪಿಸಿದಿರಿ’ ಎಂಬ ಮಾತು ಬಂದಾಗ ನಾವು ಜಗಳವಾಡಬೇಕಾಗಿಲ್ಲ. ಆ ಗೆಳೆಯನೂ ಈಗ ಈ ಮೂರು ಸಾಲನ್ನು ಒಂದು ಫೈಲ್‌ನಲ್ಲಿ ಇಟ್ಟುಕೊಂಡಿದ್ದಾನೆ, ದಿನವೂ ಹೆಸರು ಬದಲಿಸಿ ಹಾಕುತ್ತಾನೆ.

ಕಾಲೇಜಿನಲ್ಲೇ ಶುರುವಾಗಲಿ

ವಿಟಿಯು ಕಂಪ್ಯೂಟರ್ ಸೈನ್ಸ್ ಪಠ್ಯಕ್ರಮದ ಐದನೇ ಸೆಮಿಸ್ಟರ್‌ನಲ್ಲಿ ‘ಸಾಫ್ಟ್‌ವೇರ್ ಎಂಜಿನಿಯರಿಂಗ್ ಮತ್ತು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್’ ಎಂಬ ವಿಷಯವೇ ಇದೆ. ಅಜೈಲ್, ಸ್ಕ್ರಮ್ ಎಲ್ಲವನ್ನೂ ಓದಿ ಪರೀಕ್ಷೆ ಬರೆದಿದ್ದೆವು. ಕ್ಲೈಂಟ್‌ನ ಬೋರ್ಡ್ ತೆರೆದಾಗ ಆ ಪದಗಳ ಪರಿಚಯ ನೆರವಿಗೆ ಬಂತು ಎಂಬುದು ನಿಜ. ಆದರೆ ಪದ ಗೊತ್ತಿರುವುದಕ್ಕೂ ಕೈ ಆಡಿರುವುದಕ್ಕೂ ಒಂದೂವರೆ ದಿನದ ಅಂತರವಿದೆ. ಅಂತಿಮ ವರ್ಷದ ಪ್ರಾಜೆಕ್ಟನ್ನು ಬೋರ್ಡ್‌ನಲ್ಲೇ ನಡೆಸಿ, ಗೈಡ್ ಅಲ್ಲಿಯೇ ಕಾಮೆಂಟ್ ಬರೆದು, ಯಾರು ಎಷ್ಟು ಕೆಲಸ ಮಾಡಿದರು ಎಂಬುದಕ್ಕೂ ಅದೇ ದಾಖಲೆಯಾದರೆ ಹೆಚ್ಚಿನ ಖರ್ಚಿಲ್ಲ. ನಾಲ್ಕು ಜನರ ತಂಡದಲ್ಲಿ ಒಬ್ಬರೇ ದುಡಿದು ನಾಲ್ವರೂ ಅಂಕ ಪಡೆಯುವ ಹಳೆಯ ಕಾಯಿಲೆಗೂ ಅದು ಮದ್ದು. ಪ್ಲೇಸ್‌ಮೆಂಟ್ ವಿಭಾಗದವರು ರೆಸ್ಯೂಮೆ ಬರೆಯಲು ಕಲಿಸುವ ದಿನ ಕೊಟೇಶನ್, ಬಿಲ್, ಉದ್ಯಮ್ ನೋಂದಣಿಯ ಬಗ್ಗೆಯೂ ಒಂದು ಗಂಟೆ ಹೇಳಿದರೆ ಇನ್ನೂ ಒಳ್ಳೆಯದು. ಎಲ್ಲರಿಗೂ ಆಫರ್ ಲೆಟರ್ ಸಿಗುವ ಕಾಲ ಇದಲ್ಲ. ನಮ್ಮಲ್ಲಿ ಹಲವರು ಒಂದಲ್ಲ ಒಂದು ದಿನ ಬಿಲ್ ಬರೆಯಬೇಕಾಗುತ್ತದೆ.

ಟೂಲ್‌ಗಳು ಬದಲಾಗುತ್ತಲೇ ಇರುತ್ತವೆ. ನಾನು ಪದವಿ ಮುಗಿಸುವ ಹೊತ್ತಿಗೆ ಜಿರಾದ ಮುಖವೂ ಬೇರೆಯಾಗಿರಬಹುದು, ಹೊಸ ಹೆಸರಿನ ಇನ್ನೊಂದು ಬಂದಿರಬಹುದು. ಅದನ್ನೂ ಕಲಿಯುತ್ತೇವೆ. ಆದರೆ ಯಾವ ಬೋರ್ಡ್‌ಗೆ ಸೇರಿದರೂ ಅಲ್ಲಿ ನಾವು ಅತಿಥಿಗಳು, ಒಂದು ದಿನ ಬಾಗಿಲು ಮುಚ್ಚುತ್ತದೆ ಎಂಬುದು ಬದಲಾಗುವುದಿಲ್ಲ.

ಮೊನ್ನೆ ಶನಿವಾರ ಅಪ್ಪ ಬರುವಾಗ ಇನ್ನೊಂದು ಡೈರಿ ತಂದರು, ಅಂಗಡಿಯವರು ಕೊಟ್ಟದ್ದಂತೆ. ‘ನಿಂಗೆ ಕಂಪ್ಯೂಟರ್ ಇದೆ, ಆದ್ರೂ ಇರ್ಲಿ’ ಅಂದರು. ಮೊದಲ ಪುಟದಲ್ಲಿ ಹೊಸ ಕ್ಲೈಂಟ್‌ನ ಕೆಲಸದ ದಿನಾಂಕ ಬರೆದಿದ್ದೇನೆ. ಮೇಲ್ ಬರುವುದನ್ನೂ ಈ ಸಲ ಆಫ್ ಮಾಡಿಲ್ಲ.